ಹಸಿರು ಚಹಾಕ್ಕೆ ಹುರಿದಕ್ಕಿಯ ಘಮ

ಬಾಣಲೆಗೆ ಒಂದು ಹಿಡಿ ಕುಚಲಕ್ಕಿ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ನಿಲ್ಲಿ. ಮೊದಲೆರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಮಂಡಕ್ಕಿ ಭಟ್ಟಿಯ ಮುಂದೆ ಹಾದುಹೋದಂಥ ಘಮ. ಒಂದೆರಡು ಕಾಳು ಟಪ್ಪೆಂದು ಅರಳುತ್ತವೆ. ಕಾಳು ಹೊಂಬಣ್ಣಕ್ಕೆ ತಿರುಗಿದಾಗ ಇಳಿಸಿ, ಪೂರ್ತಿ ಆರಿಸಿ, ಅಷ್ಟೇ ತೂಕದ ಹಸಿರು ಚಹಾ ಎಲೆಯ ಜತೆ ಬೆರೆಸಿದರೆ ಜಪಾನಿನವರ ‘ಗೆನ್‌ಮೈಚಾ’ದ ಹತ್ತಿರ ಬಂದಂತೆ. ಗೆನ್‌ಮೈ ಎಂದರೆ ಪಾಲಿಶ್ ಮಾಡದ ಅಕ್ಕಿ, ಚಾ ಎಂದರೆ ಚಹಾ. ದುಬಾರಿ ಎಲೆ ಇನ್ನಷ್ಟು ದಿನ ಬರಲೆಂದು ಬಡವರು ಅಕ್ಕಿ ಸೇರಿಸಿದರು ಎಂಬ ಮಾತು ಅಲ್ಲಿದೆ. ಆದರೆ ಲೋಟದೊಳಗೆ ಅಕ್ಕಿ ಮಾಡುವ ಕೆಲಸ ನೋಡಿದರೆ ಅದನ್ನು ಬರೀ ಕಲಬೆರಕೆ ಎನ್ನಲಾಗದು.

ಕಿತ್ತ ಎಲೆಯನ್ನು ಜಪಾನಿನಲ್ಲಿ ತಡಮಾಡದೆ ಹಬೆಗೆ ಹಿಡಿಯುತ್ತಾರೆ. ಎಲೆಯನ್ನು ಕಪ್ಪಾಗಿಸುವ ಕಿಣ್ವದ ಆಟ ಅಲ್ಲಿಗೆ ಮುಗಿಯುತ್ತದೆ. ಹಸಿರು ಬಣ್ಣ ಉಳಿಯುತ್ತದೆ, ಅದರ ಜತೆ ಒಗರು ಕೊಡುವ ಕ್ಯಾಟೆಚಿನ್‌ಗಳೂ ಹುಲ್ಲಿನಂಥ ಹಸಿ ವಾಸನೆಯೂ ಉಳಿಯುತ್ತವೆ. ಅಕ್ಕಿಯ ಕಥೆ ಬೇರೆ. ಶಾಖ ಸುಮಾರು 140 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದರಲ್ಲಿರುವ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಚುರುಕಾಗಿ ವರ್ತಿಸಿ ನೂರಾರು ಹೊಸ ಸಂಯುಕ್ತಗಳನ್ನು ಹುಟ್ಟಿಸುತ್ತವೆ. 1912ರಲ್ಲಿ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯಾರ್ ವಿವರಿಸಿದ ಈ ಕ್ರಿಯೆಗೆ ಅವರದೇ ಹೆಸರಿದೆ. ರೊಟ್ಟಿಯ ಕಂದು ಚುಕ್ಕೆ, ಹುರಿದ ಕಡಲೆಕಾಯಿ, ಕಾಫಿಬೀಜ ಎಲ್ಲದರ ಕಂಪಿನ ಹಿಂದೆ ಇರುವುದೂ ಇದೇ. ಹುರಿದ ವಾಸನೆಯ ಮುಖ್ಯ ಪಾಲು ಪೈರಜೀನ್ ಎಂಬ ಗುಂಪಿನದು. ಒಣ ಶಾಖಕ್ಕೆ ಪಿಷ್ಟವೂ ಒಂದಿಷ್ಟು ತುಂಡಾಗಿ ನೀರಿನಲ್ಲಿ ಕರಗುವ ಡೆಕ್ಸ್‌ಟ್ರಿನ್ ಆಗುತ್ತದೆ.

ಹಸಿರು ಚಹಾ ಮಾಡುವವರ ದೊಡ್ಡ ತಲೆನೋವು ನೀರಿನ ಬಿಸಿ. ರುಚಿ ಕೊಡುವ ಥಿಯಾನಿನ್ ಹದ ಬಿಸಿಯಲ್ಲೂ ಕರಗುತ್ತದೆ. ನೀರು ಹೆಚ್ಚು ಕಾದಷ್ಟೂ ಕ್ಯಾಟೆಚಿನ್, ಕೆಫೀನ್ ಹೆಚ್ಚು ಇಳಿದು ಚಹಾ ಕಹಿಯಾಗುತ್ತದೆ. ಅದಕ್ಕೇ ಸೆಂಚಾ ಎಂಬ ಸಾಮಾನ್ಯ ಜಪಾನಿ ಹಸಿರು ಚಹಾಕ್ಕೆ 70–80 ಡಿಗ್ರಿ ಸಾಕು. ಹುರಿದಕ್ಕಿಯ ಘಮ ಏಳಬೇಕಾದರೆ ಮಾತ್ರ ನೀರು ಕುದಿಬಿಸಿ ಇರಬೇಕು. ಗೆನ್‌ಮೈಚಾದಲ್ಲಿ ಎಲೆ ಅರ್ಧವೇ ಇರುವುದರಿಂದ ಕಹಿಯೂ ಕೆಫೀನೂ ಸುಮಾರು ಅರ್ಧ. ಧೈರ್ಯವಾಗಿ ಕುದಿಬಿಸಿ ನೀರು ಹಾಕಿ ಅರ್ಧ ನಿಮಿಷಕ್ಕೇ ಸೋಸಿದರಾಯಿತು.

ಕುಚಲಕ್ಕಿಯೇ ಏಕೆ? ಗೆನ್‌ಮೈಚಾಕ್ಕೆ ಅಕ್ಕಿಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಆಮೇಲೆ ಹುರಿಯುತ್ತಾರೆ. ನಮ್ಮ ಕರಾವಳಿಯ ಕುಚಲಕ್ಕಿ ಭತ್ತವಾಗಿರುವಾಗಲೇ ನೆಂದು, ಬೆಂದು, ಒಣಗಿ ಬಂದಿರುತ್ತದೆ. ಅರ್ಧ ಕೆಲಸ ಗಿರಣಿಯಲ್ಲೇ ಮುಗಿದಿದೆ. ಒಮ್ಮೆ ಬೆಂದು ಗಟ್ಟಿಯಾದ ಪಿಷ್ಟ ಹುರಿದಾಗ ಚೆನ್ನಾಗಿ ಉಬ್ಬುತ್ತದೆ. ಮಂಡಕ್ಕಿಗೂ ಇದೇ ಗುಟ್ಟು.

ಉಳಿದ ಧಾನ್ಯಗಳನ್ನೂ ನೋಡಿದೆ. ಜೋಳ ಹುರಿದು ಹಾಕಿದರೆ ನಾಗರಪಂಚಮಿಯ ಅಳ್ಳಿಟ್ಟಿನ ನೆನಪು ಬರುತ್ತದೆ, ಚಹಾ ಹಗುರ. ರಾಗಿಯದು ಜೋರು ಘಮ, ಆದರೆ ಪುಟ್ಟ ಕಾಳು ಕಣ್ಣು ಮಿಟುಕಿಸುವುದರೊಳಗೆ ಸೀಯುತ್ತದೆ. ಬೇಗ ರುಚಿ ಬಿಡಲೆಂದು ಒಮ್ಮೆ ಹುರಿದಕ್ಕಿಯನ್ನು ಕುಟ್ಟಿ ಹಾಕಿದೆ. ಬಂದದ್ದು ಚಹಾ ಅಲ್ಲ, ತೆಳು ಗಂಜಿ! ಕಾಳು ಒಡೆದರೆ ಪಿಷ್ಟ ನೀರಿಗೆ ಬಿಡುತ್ತದೆ. ಇಡೀ ಕಾಳು ಹಾಕಿದರಷ್ಟೇ ಲೋಟದ ತಳ ಕಾಣುವಷ್ಟು ತಿಳಿ.

ಕಪ್ಪಗೆ ಸೀದದ್ದನ್ನು ಚೆಲ್ಲಿಬಿಡಿ. ಅದು ಬರೀ ಕಹಿ. ಪಿಷ್ಟದ ಪದಾರ್ಥ ಹೆಚ್ಚು ಬಿಸಿಯಲ್ಲಿ ಕಂದಾಗುವಾಗ ಅಕ್ರಿಲಮೈಡ್ ಎಂಬ ಬೇಡದ ವಸ್ತುವೂ ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ನಿನಲ್ಲಿ ಗೊತ್ತಾಯಿತು. ಹೊಂಬಣ್ಣಕ್ಕೇ ನಿಲ್ಲಿಸುವುದು ನಾಲಿಗೆಗೂ ಒಳ್ಳೆಯದು, ಮೈಗೂ.

ಇನ್ನೊಂದು ಮಾತು: ಅಕ್ಕಿಯ ಮೇಲಿನ ತವುಡಿನ ಎಣ್ಣೆಯಂಶ ದಿನ ಕಳೆದಂತೆ ಕಮಟು ಹಿಡಿಯುತ್ತದೆ. ಡಬ್ಬಿ ತುಂಬ ಮಾಡಿಡಬೇಡಿ, ವಾರಕ್ಕಾಗುವಷ್ಟು ಹುರಿದರೆ ಸಾಕು.