ತೊಟ್ಟಿಯ ಗೋಡೆಯ ಮೇಲೆ ದ್ರವದ ಬಲ

ನಿಂತ ನೀರು ನಿಶ್ಚಲವಾಗಿ ಕಂಡರೂ ತನ್ನನ್ನು ಹಿಡಿದಿಟ್ಟ ಗೋಡೆಯನ್ನು ಅದು ಎಡೆಬಿಡದೆ ಹೊರಕ್ಕೆ ತಳ್ಳುತ್ತಿರುತ್ತದೆ. ಆ ಬಲ ಎಷ್ಟು, ಗೋಡೆಯ ಯಾವ ಭಾಗದಲ್ಲಿ ಅದು ಹೆಚ್ಚು ಎಂಬುದನ್ನು ಮೊದಲೇ ಲೆಕ್ಕಹಾಕಿ ಕಟ್ಟಿದ ತೊಟ್ಟಿಯನ್ನು ಮಾತ್ರ ನೆಚ್ಚಬಹುದು. ಒಂದು ಚದರ ಮೀಟರ್ ಮೇಲೆ ಬೀಳುವ ಬಲಕ್ಕೆ ಒತ್ತಡ ಎಂದು ಹೆಸರು. ದ್ರವದ ಸಾಂದ್ರತೆ, ಎಂದರೆ ಒಂದು ಘನ ಮೀಟರ್ ದ್ರವದ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಹಾಗೂ ಮೇಲ್ಮೈಯಿಂದ ಅಳೆದ ಆಳ, ಈ ಮೂರನ್ನು ಗುಣಿಸಿದರೆ ದ್ರವದ ಒತ್ತಡ ದೊರೆಯುತ್ತದೆ. ಈ ಗುಣಾಕಾರದಲ್ಲಿ ತೊಟ್ಟಿಯ ಅಗಲಕ್ಕಾಗಲಿ ನೀರಿನ ಒಟ್ಟು ಪ್ರಮಾಣಕ್ಕಾಗಲಿ ಸ್ಥಾನವಿಲ್ಲದಿರುವುದರಿಂದ, ಸಮಾನ ಆಳದ ಇಕ್ಕಟ್ಟಾದ ಬಾವಿಯಲ್ಲೂ ವಿಶಾಲವಾದ ಕೆರೆಯಲ್ಲೂ ತಳದ ಒತ್ತಡ ಒಂದೇ ಆಗಿರುತ್ತದೆ. ಫ್ಲಾಂಡರ್ಸ್‌ನ ಸೈಮನ್ ಸ್ಟೆವಿನ್ 1586ರಲ್ಲಿ ಪ್ರಕಟಿಸಿದ ಗ್ರಂಥದಲ್ಲೂ, ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್‌ನ ಮರಣಾನಂತರ 1663ರಲ್ಲಿ ಹೊರಬಂದ ಪ್ರಬಂಧದಲ್ಲೂ ಈ ತತ್ತ್ವದ ವಿವೇಚನೆಯಿದೆ.

3 ಮೀಟರ್ ಅಗಲದ, 2 ಮೀಟರ್ ಆಳದ ನೀರನ್ನು ತಡೆದು ನಿಲ್ಲಿಸಿದ ಆಯತಾಕಾರದ ಗೋಡೆಯೊಂದನ್ನು ಪರಿಶೀಲಿಸಬಹುದು. ಮೇಲ್ಮೈಯಲ್ಲಿ ನೀರಿನ ಒತ್ತಡ ಸೊನ್ನೆ, ತಳದಲ್ಲಿ 19,600 ಪ್ಯಾಸ್ಕಲ್, ಎಂದರೆ ಚದರ ಮೀಟರಿಗೆ ಅಷ್ಟು ನ್ಯೂಟನ್. ನಡುವೆ ಅದು ಒಂದೇ ಸಮನೆ ಏರುವುದರಿಂದ ಸರಾಸರಿ 9,800 ಪ್ಯಾಸ್ಕಲ್. ಇದನ್ನು ಗೋಡೆಯ 6 ಚದರ ಮೀಟರ್ ವಿಸ್ತೀರ್ಣದಿಂದ ಗುಣಿಸಿದರೆ ಒಟ್ಟು ಬಲ 58,800 ನ್ಯೂಟನ್, ಅಂದರೆ ಸುಮಾರು 6 ಟನ್ ಭಾರಕ್ಕೆ ಸಮ. ಆಳವನ್ನು 4 ಮೀಟರಿಗೆ ಏರಿಸಿದರೆ ಸರಾಸರಿ ಒತ್ತಡವೂ ವಿಸ್ತೀರ್ಣವೂ ಒಟ್ಟಿಗೇ ಇಮ್ಮಡಿಯಾಗಿ, ಬಲ ನಾಲ್ಕು ಪಟ್ಟಾಗುತ್ತದೆ. ಈ ಬಲವೆಲ್ಲವೂ ಒಂದೇ ಬಿಂದುವಿನಲ್ಲಿ ವರ್ತಿಸುತ್ತಿದೆಯೆಂದು ಭಾವಿಸಬಹುದಾದ ಜಾಗಕ್ಕೆ ಒತ್ತಡ ಕೇಂದ್ರ ಎನ್ನುತ್ತಾರೆ; ಇಂತಹ ನೆಟ್ಟನೆಯ ಗೋಡೆಯಲ್ಲಿ ಅದು ತಳದಿಂದ ಮೂರನೆಯ ಒಂದು ಭಾಗದಷ್ಟು ಎತ್ತರದಲ್ಲಿರುವುದರಿಂದಲೇ ಗೋಡೆಯ ಬುಡವನ್ನು ಹೆಚ್ಚು ದಪ್ಪವಾಗಿ ಕಟ್ಟುತ್ತಾರೆ.

ದುಂಡನೆಯ ತೊಟ್ಟಿಯಲ್ಲಿ ಇದೇ ಒತ್ತಡ ಗೋಡೆಯನ್ನು ಬಳೆಯಂತೆ ಸುತ್ತಲೂ ಹಿಗ್ಗಿಸಿ ಸೀಳಲು ಎಳೆಯುತ್ತದೆ. ಒಂದು ಮೀಟರ್ ಎತ್ತರದ ಪಟ್ಟಿಯ ಮೇಲಿನ ಈ ಎಳೆತವು ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧಕ್ಕೆ ಸಮ. ಅಮೆರಿಕದ ಬಾಸ್ಟನ್ ನಗರದಲ್ಲಿ ಸುಮಾರು 15 ಮೀಟರ್ ಎತ್ತರದ, 27 ಮೀಟರ್ ವ್ಯಾಸದ ಉಕ್ಕಿನ ತೊಟ್ಟಿಯೊಂದು 1919ರ ಜನವರಿ 15ರಂದು ಒಡೆದು, ಅದರೊಳಗಿದ್ದ ಕಾಕಂಬಿ ಬೀದಿಗೆ ನುಗ್ಗಿ 21 ಮಂದಿ ಸತ್ತರು. ಕಾಕಂಬಿಯ ಸಾಂದ್ರತೆ ನೀರಿನ ಸುಮಾರು 1.4 ಪಟ್ಟು ಇರುವುದರಿಂದ, ತೊಟ್ಟಿ ತುಂಬಿದಾಗ ತಳದ ಒತ್ತಡ ಎರಡು ಲಕ್ಷ ಪ್ಯಾಸ್ಕಲ್ ದಾಟಿ, ಬುಡದ ತಗಡುಗಳ ಮೇಲಿನ ಎಳೆತ ಪ್ರತಿ ಮೀಟರಿಗೆ ಸುಮಾರು 28 ಲಕ್ಷ ನ್ಯೂಟನ್, ಎಂದರೆ 280 ಟನ್ ಭಾರದಷ್ಟಾಗುತ್ತದೆ. ಬಳಕೆಗೆ ಮುನ್ನ ಆ ತೊಟ್ಟಿಯನ್ನು ಪರೀಕ್ಷಿಸಿದ್ದು ಕೇವಲ 15 ಸೆಂಟಿಮೀಟರ್ ನೀರಿನಿಂದ; ತುಂಬಿದ ತೊಟ್ಟಿಯ ತಳದ ಒತ್ತಡ ಅದರ ಸುಮಾರು 140 ಪಟ್ಟು. ಬಾಂಬ್ ಸ್ಫೋಟವೇ ಕಾರಣವೆಂದು ಮಾಲೀಕರು ವಾದಿಸಿದರೂ, ವರ್ಷಗಟ್ಟಲೆ ನಡೆದ ವಿಚಾರಣೆಯ ಕೊನೆಗೆ ತೊಟ್ಟಿಯ ರಚನೆಯೇ ದುರ್ಬಲವಾಗಿತ್ತೆಂಬ ನಿರ್ಣಯ ಹೊರಬಿತ್ತು.

ಶಾಲೆಯ ಗಣಿತಕ್ಕೆ ಎಟುಕುವ ಮೂರು ಸಂಖ್ಯೆಗಳ ಗುಣಾಕಾರವನ್ನು ಗೌರವಿಸಿದ್ದರೆ ಆ ತೊಟ್ಟಿಯ ಪರೀಕ್ಷೆ ಎಷ್ಟು ಅರ್ಥಹೀನವೆಂಬುದು ಅಂದೇ ತಿಳಿಯುತ್ತಿತ್ತು. ತೊಟ್ಟಿಯನ್ನು ಪೂರ್ಣ ಎತ್ತರಕ್ಕೆ ತುಂಬಿ ನೋಡದೆ ಬಳಕೆಗೆ ಬಿಡಬಾರದು. ಒಳಗಿಡುವ ದ್ರವ ನೀರಿಗಿಂತ ಸಾಂದ್ರವಾಗಿದ್ದರೆ, ನೀರಿನ ಪರೀಕ್ಷೆಯಲ್ಲಿ ಗೆದ್ದ ಗೋಡೆಗೂ ಆ ಹೆಚ್ಚಿನ ಸಾಂದ್ರತೆಯ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಲೇಬೇಕು.