ನೆಲ ನೋಡಿ ನಡೆಯುವ ಮೌಸ್



ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಹಿಪ್ಪುನೇರಳೆ ಸೊಪ್ಪು ತಂದು ಹುಳುಗಳಿಗೆ ಹಾಕಿದ ಮೇಲೆ ಆ ಮನೆಯ ಮಗಳು ಮೊಬೈಲ್ ಫೋನಿನಲ್ಲಿ ಪಾಠ ನೋಡುತ್ತಾಳೆ. ಬೆರಳಿನಿಂದ ಮುಟ್ಟಿದರೆ ತೆರೆಯುತ್ತದೆ, ಸವರಿದರೆ ಸರಿಯುತ್ತದೆ. ಅವಳಿಗೆ ಅದು ನೀರು ಕುಡಿದಷ್ಟು ಸುಲಭ. ಮುಂದೆ ಒಂದು ದಿನ ಅವಳು ಜೆಇಇ ಮೇನ್ ಪರೀಕ್ಷೆಗೆ ಕುಳಿತಳೆನ್ನಿ. ಎಂಜಿನಿಯರಿಂಗ್ ಪ್ರವೇಶದ ಈ ಪರೀಕ್ಷೆ 2019ರಿಂದ ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ನಡೆಯುತ್ತಿದೆ. ಉತ್ತರ ಆರಿಸುವುದು ಮೌಸಿನಿಂದ. ಅಂಕಿಯಲ್ಲಿ ಕೊಡಬೇಕಾದ ಉತ್ತರವನ್ನೂ ಪರದೆಯಲ್ಲಿ ಕಾಣುವ ಅಂಕಿಗಳ ಮೇಲೆ ಮೌಸ್ ಒತ್ತಿಯೇ ತುಂಬಬೇಕು. ಮೂರು ಗಂಟೆಯ ಪರೀಕ್ಷೆಯಲ್ಲಿ ಮೊದಲ ಹತ್ತು ನಿಮಿಷ ಓಡಾಡುವ ಬಾಣವನ್ನು ನಿಲ್ಲಿಸುವುದರಲ್ಲೇ ಕಳೆದುಹೋದರೆ, ಆ ನಷ್ಟಕ್ಕೆ ಗಣಿತ ಬಾರದಿರುವುದು ಕಾರಣವಲ್ಲ; ಲೇಖನಿ ಹಿಡಿಯಲು ಬಾರದಿರುವುದು ಕಾರಣ.

ಆದ್ದರಿಂದ ಈ ಲೇಖನಿಯ ಪರಿಚಯ ಮಾಡಿಕೊಳ್ಳೋಣ. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಅದರ ಬಹುಪಾಲು ತಂಟೆಗಳನ್ನು ನೀವೇ ಸರಿಪಡಿಸಬಲ್ಲಿರಿ.

ಮರದ ಪೆಟ್ಟಿಗೆಯಿಂದ ಬೆಳಕಿನವರೆಗೆ

ಮೊದಲ ಮೌಸ್ 1964ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾಯಿತು. ಕಲ್ಪನೆ ಡಗ್ಲಸ್ ಎಂಗೆಲ್‌ಬಾರ್ಟ್ ಅವರದು. ತಯಾರಿಸಿದವರು ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್. ಅದೊಂದು ಮರದ ಪುಟ್ಟ ಪೆಟ್ಟಿಗೆ. ಅಡಿಯಲ್ಲಿ ಒಂದಕ್ಕೊಂದು ಲಂಬವಾಗಿ ಜೋಡಿಸಿದ ಎರಡು ಗಾಲಿಗಳು. ಒಂದು ಗಾಲಿ ಎಡ-ಬಲದ ಚಲನೆಯನ್ನೂ ಇನ್ನೊಂದು ಹಿಂದು-ಮುಂದಿನ ಚಲನೆಯನ್ನೂ ಅಳೆಯುತ್ತಿತ್ತು. ಎಂಗೆಲ್‌ಬಾರ್ಟ್ ಇದನ್ನು 1968ರ ಡಿಸೆಂಬರ್ 9ರಂದು ಸಾರ್ವಜನಿಕವಾಗಿ ಪ್ರದರ್ಶಿಸಿದರು.

ಬಳಿಕ ಗಾಲಿಗಳ ಜಾಗಕ್ಕೆ ಉರುಳುವ ಗುಂಡು ಬಂದಿತು. ಗುಂಡಿನ ಮೌಸಿಗೆ ಒಂದು ಕಾಯಿಲೆ ಇತ್ತು. ಮೇಜಿನ ಮೇಲಿನ ದೂಳು, ಕೂದಲು, ಎಣ್ಣೆಯಂಶ ಎಲ್ಲವೂ ಗುಂಡಿಗೆ ಅಂಟಿಕೊಂಡು ಒಳಗೆ ಹೋಗುತ್ತಿದ್ದವು. ಆಗ ಬಾಣ ತಡವರಿಸುತ್ತಿತ್ತು. ಗುಂಡನ್ನು ಹೊರತೆಗೆದು ಒರೆಸಿ, ಒಳಗಿನ ಉರುಳೆಗಳ ಮೇಲಿನ ಕೊಳೆಯನ್ನು ಉಗುರಿನಿಂದ ಕೆರೆದು ಮತ್ತೆ ಹಾಕಬೇಕಾಗಿತ್ತು.

ಉರುಳುವ ಭಾಗವೇ ಬೇಡ, ಬೆಳಕಿನಿಂದ ಚಲನೆಯನ್ನು ಅಳೆಯೋಣ ಎಂಬ ಯೋಚನೆ 1980ರ ಸುಮಾರಿಗೆ ಇಬ್ಬರಿಗೆ ಪ್ರತ್ಯೇಕವಾಗಿ ಹೊಳೆಯಿತು. ಒಬ್ಬರು ಝೆರಾಕ್ಸ್ ಸಂಸ್ಥೆಯ ರಿಚರ್ಡ್ ಲಯನ್, ಇನ್ನೊಬ್ಬರು ಎಂಐಟಿಯ ಸ್ಟೀವ್ ಕಿರ್ಷ್. ಆದರೆ ಆ ಮೌಸುಗಳಿಗೆ ವಿಶೇಷ ಗುರುತುಗಳಿರುವ ಹಲಗೆಯೇ ಬೇಕಾಗಿತ್ತು. ಸಾಮಾನ್ಯ ಮೇಜಿನ ಮೇಲೆಯೇ ನಡೆಯುವ ಬೆಳಕಿನ ಮೌಸ್ ಮಾರುಕಟ್ಟೆಗೆ ಬಂದು ಹರಡಿದ್ದು 1999ರಿಂದ ಈಚೆಗೆ.

ಅಡಿಯಲ್ಲೊಂದು ಕಣ್ಣು

ತಂತಿಯಿರುವ ಬೆಳಕಿನ ಮೌಸನ್ನು ಕಂಪ್ಯೂಟರಿಗೆ ಜೋಡಿಸಿ ಮಗುಚಿ ನೋಡಿ. ಒಂದು ಸಣ್ಣ ಕಿಂಡಿಯಲ್ಲಿ ಕೆಂಪು ಬೆಳಕು ಕಾಣುತ್ತದೆ. (ಅದನ್ನು ಕಣ್ಣಿನ ಹತ್ತಿರ ಹಿಡಿದು ದಿಟ್ಟಿಸಬೇಡಿ.) ಅದು ಎಲ್‌ಇಡಿ ದೀಪ. ಕೆಲವು ಮೌಸುಗಳಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಇರುತ್ತದೆ. ಬೆಳಕು ಕಾಣಲಿಲ್ಲವೆಂದು ಮೌಸ್ ಕೆಟ್ಟಿದೆ ಎಂದುಕೊಳ್ಳಬೇಕಾಗಿಲ್ಲ.

ಈ ದೀಪ ಮೇಜಿನ ಮೇಲೆ ನೇರವಾಗಿ ಬೀಳದೆ ಓರೆಯಾಗಿ ಬೀಳುತ್ತದೆ. ಏಕೆ? ಉತ್ತ ಹೊಲವನ್ನು ನೆತ್ತಿಯ ಬಿಸಿಲಿನಲ್ಲಿ ನೋಡಿ. ಅದು ಹೆಚ್ಚುಕಡಿಮೆ ಒಂದೇ ಬಣ್ಣವಾಗಿ, ಚಪ್ಪಟೆಯಾಗಿ ಕಾಣುತ್ತದೆ. ಅದೇ ಹೊಲವನ್ನು ಸಂಜೆ ಹೊತ್ತು ಇಳಿಯುವಾಗ ನೋಡಿ. ಒಂದೊಂದು ಹೆಂಟೆಗೂ ಉದ್ದನೆಯ ನೆರಳು, ಒಂದೊಂದು ಸಾಲೂ ಎದ್ದು ಕಾಣುತ್ತದೆ. ಮೌಸಿನ ದೀಪ ಮಾಡುವುದೂ ಇದನ್ನೇ. ನಮಗೆ ನುಣುಪೆನಿಸುವ ಕಾಗದದ ಮೇಲೂ ಅತಿ ಸಣ್ಣ ಉಬ್ಬುತಗ್ಗುಗಳಿವೆ. ಓರೆ ಬೆಳಕಿನಲ್ಲಿ ಅವುಗಳ ನೆರಳು ಮೂಡುತ್ತದೆ.

ಕಿಂಡಿಯ ಒಳಗೆ ಒಂದು ಮಸೂರ, ಅದರ ಹಿಂದೆ ಪುಟ್ಟ ಕ್ಯಾಮೆರಾದಂಥ ಸಂವೇದಕ. ಸಾಧಾರಣ ಮೌಸಿನಲ್ಲಿ ಇದರ ಚಿತ್ರ ಅಡ್ಡ 18, ಉದ್ದ 18, ಅಂದರೆ ಒಟ್ಟು 324 ಚುಕ್ಕೆಗಳಷ್ಟೇ. ಆದರೆ ಇಂಥ ಚಿತ್ರಗಳನ್ನು ಅದು ಸೆಕೆಂಡಿಗೆ 1500ರಷ್ಟು ತೆಗೆಯಬಲ್ಲದು! ಜೊತೆಗಿರುವ ಲೆಕ್ಕಿಗ ಬಿಲ್ಲೆ ಪ್ರತಿ ಚಿತ್ರವನ್ನೂ ಹಿಂದಿನ ಚಿತ್ರದೊಡನೆ ಹೋಲಿಸಿ, ಗುರುತುಗಳು ಯಾವ ಕಡೆಗೆ ಎಷ್ಟು ಸರಿದವು ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕ ತಂತಿಯ ಮೂಲಕ ಕಂಪ್ಯೂಟರಿಗೆ ಹೋಗುತ್ತದೆ. ಯುಎಸ್‌ಬಿ ತಂತಿಯಲ್ಲಿ ವರದಿ ಹೋಗುವುದಷ್ಟೇ ಅಲ್ಲ, ಕಂಪ್ಯೂಟರಿನಿಂದ 5 ವೋಲ್ಟ್ ವಿದ್ಯುತ್ತೂ ಬರುತ್ತದೆ. ಹೀಗಾಗಿ ಇದಕ್ಕೆ ಬ್ಯಾಟರಿ ಬೇಡ.

ಇಲ್ಲೊಂದು ಮುಖ್ಯ ವಿಷಯವಿದೆ. ಮೇಲೂರಿನಿಂದ ಶಿಡ್ಲಘಟ್ಟಕ್ಕೆ ಬಸ್ಸಿನಲ್ಲಿ ಹೊರಟಿದ್ದೀರಿ, ಕಿಟಕಿಗಳೆಲ್ಲ ಮುಚ್ಚಿವೆ, ನೆಲಹಲಗೆಯ ತೂತಿನಿಂದ ರಸ್ತೆ ಮಾತ್ರ ಕಾಣುತ್ತದೆ ಎನ್ನೋಣ. ಕಲ್ಲುಗಳು ಹಿಂದಕ್ಕೆ ಓಡಿದರೆ ಬಸ್ಸು ಮುಂದೆ ಹೋಗುತ್ತಿದೆ ಎಂದು ಹೇಳಬಲ್ಲಿರಿ. ಆದರೆ ಯಾವ ಊರಿನಲ್ಲಿದ್ದೀರಿ ಎಂದು ಹೇಳಲಾರಿರಿ. ಮೌಸಿನ ಸ್ಥಿತಿಯೂ ಅದೇ. ತಾನು ಎಷ್ಟು ಸರಿದೆ ಎಂಬುದು ಅದಕ್ಕೆ ಗೊತ್ತು. ಪರದೆಯಲ್ಲಿ ಬಾಣ ಎಲ್ಲಿದೆ ಎಂಬುದು ಗೊತ್ತಿಲ್ಲ.

ಮಾಡಿ ನೋಡಿ

ಮೌಸನ್ನು ಒಂದು ಹಾಳೆಯ ಮೇಲಿಟ್ಟು ಅಲುಗದಂತೆ ಹಿಡಿಯಿರಿ. ಗೆಳೆಯರೊಬ್ಬರು ಹಾಳೆಯನ್ನು ಮೆಲ್ಲನೆ ಎಡಕ್ಕೆ ಎಳೆಯಲಿ. ಬಾಣ ಬಲಕ್ಕೆ ಹೋಗುತ್ತದೆ! ನೆಲ ಸರಿಯಿತೋ ತಾನು ಸರಿದೆನೋ ಎಂಬ ಭೇದ ಮೌಸಿಗೆ ತಿಳಿಯದು.

ಈಗ ಮೌಸಿನ ಮೂತಿಯನ್ನು ಎಡಕ್ಕೆ ತಿರುಗಿಸಿಟ್ಟು ಎಡಗಡೆಗೇ ತಳ್ಳಿ. ಬಾಣ ಎಡಕ್ಕೆ ಹೋಗದೆ ಮೇಲಕ್ಕೆ ಏರುತ್ತದೆ. ಏಕೆಂದರೆ ಮೌಸಿಗೆ ತನ್ನ ಮೂತಿಯ ದಿಕ್ಕೇ 'ಮುಂದೆ'. ಹೊಸಬರ ಬಾಣ ಓರೆಯಾಗಿ ಓಡುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ: ಅವರು ಮೌಸನ್ನು ಸೊಟ್ಟಗೆ ಹಿಡಿದಿರುತ್ತಾರೆ. ತಂತಿ ಹೊರಡುವ ತುದಿ ಪರದೆಯ ಕಡೆಗೆ ನೆಟ್ಟಗಿರಲಿ.

ಮೇಜಿನ ಅಂಚು ಬಂದಿತು, ಆದರೆ ಬಾಣ ಇನ್ನೂ ಗುರಿ ಮುಟ್ಟಿಲ್ಲ. ಏನು ಮಾಡುವುದು? ಮೌಸನ್ನು ಎತ್ತಿ ಹಿಂದಕ್ಕೆ ತಂದು ಇಡಿ, ಮತ್ತೆ ಸರಿಸಿ. ಎತ್ತಿದಾಗ ಚಿತ್ರ ಮಸುಕಾಗುತ್ತದೆ, ಬಾಣ ಇದ್ದಲ್ಲೇ ನಿಲ್ಲುತ್ತದೆ. ಜಾಗವೂ ಹೆಚ್ಚು ಬೇಡ. ಒಂದು ಅಂಗುಲಕ್ಕೆ 400 ಎಣಿಕೆ ಕೊಡುವ ಮೌಸಿನಲ್ಲಿ, ಎಣಿಕೆಗೆ ಒಂದು ಚುಕ್ಕೆಯಂತೆ ಬಾಣ ಸರಿದರೆ, 1366 ಚುಕ್ಕೆ ಅಗಲದ ಪರದೆಯನ್ನು ದಾಟಲು ಮೂರೂವರೆ ಅಂಗುಲದೊಳಗೇ ಸಾಕು. ನೋಟ್‌ಪುಸ್ತಕದಷ್ಟು ಜಾಗ ಧಾರಾಳವಾಯಿತು.

ಬಾಣ ನಿಂತರೆ, ಕುಣಿದರೆ

ಮೌಸ್ ನೆಲ ನೋಡಿ ನಡೆಯುವುದರಿಂದ ನೆಲ ಕಾಣದಿದ್ದರೆ ತಬ್ಬಿಬ್ಬಾಗುತ್ತದೆ. ಗಾಜು, ಕನ್ನಡಿ, ತುಂಬ ಹೊಳೆಯುವ ಮೇಜು ಇದಕ್ಕೆ ಆಗದು. ಇದಕ್ಕೆ ಅಗ್ಗದ ಪರಿಹಾರ, ಅಡಿಯಲ್ಲಿ ಹೊಳಪಿಲ್ಲದ ಒಂದು ಹಾಳೆ ಇಡುವುದು. ಬಾಣ ತಾನೇ ನಡುಗುತ್ತಿದ್ದರೆ ಕಿಂಡಿಯಲ್ಲಿ ಕೂದಲೋ ಸೀಮೆಸುಣ್ಣದ ಪುಡಿಯೋ ಇದೆಯೇ ನೋಡಿ. ತಂತಿ ಕಳಚಿ, ಒಣಬಟ್ಟೆಯಿಂದ ಮೆತ್ತಗೆ ಒರೆಸಿ. ಬಾಣ ಅಲುಗಲೇ ಇಲ್ಲವೆಂದರೆ ತಂತಿಯ ತುದಿ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಿ. ತಂತಿ ಹಿಡಿದು ಎಳೆಯಬೇಡಿ. ಅದರೊಳಗಿನ ಎಳೆಗಳು ಬುಡದಲ್ಲೇ ತುಂಡಾಗುತ್ತವೆ.

ಕೈಯ ಅಭ್ಯಾಸ

ಅಂಗೈಯನ್ನು ಮೌಸಿನ ಮೇಲೆ ಹಗುರವಾಗಿ ಇರಿಸಿ. ತೋರುಬೆರಳು ಎಡಗುಂಡಿಯ ಮೇಲೆ, ನಡುಬೆರಳು ಬಲಗುಂಡಿಯ ಮೇಲೆ. ಎಡಗುಂಡಿಯನ್ನು ಒಮ್ಮೆ ಒತ್ತಿದರೆ ಆಯ್ಕೆ. ಕಡತ ತೆರೆಯಲು ಬೇಗನೆ ಎರಡು ಬಾರಿ. ಒತ್ತಿ ಹಿಡಿದು ಸರಿಸಿದರೆ ಎಳೆತ. ಬಲಗುಂಡಿ ಒತ್ತಿದರೆ ಆ ಜಾಗದಲ್ಲಿ ಮಾಡಬಹುದಾದ ಕೆಲಸಗಳ ಪಟ್ಟಿ. ನಡುವಿನ ಗಾಲಿ ತಿರುಗಿಸಿದರೆ ಪುಟ ಮೇಲೆ-ಕೆಳಗೆ. ಒತ್ತುವ ಕ್ಷಣದಲ್ಲಿ ಕೈ ನಿಶ್ಚಲವಾಗಿರಲಿ. ಹೊಸಬರು ತಪ್ಪುವುದು ಇಲ್ಲೇ. ಎಡಗೈಯವರು ಮೌಸನ್ನು ಎಡಕ್ಕೆ ಇಟ್ಟುಕೊಳ್ಳಬಹುದು. ಕಂಪ್ಯೂಟರಿನ ಹೊಂದಾಣಿಕೆಯಲ್ಲಿ ಗುಂಡಿಗಳನ್ನು ಅದಲುಬದಲು ಮಾಡುವ ಅನುಕೂಲವೂ ಉಂಟು.

ಶಾಲೆಯಲ್ಲಿ ಒಂದು ಕಂಪ್ಯೂಟರಿಗೆ ಮೂವರು ಕುಳಿತಾಗ ಚುರುಕಾದವರ ಕೈಯಲ್ಲೇ ಮೌಸ್ ಉಳಿದುಬಿಡುವುದುಂಟು. ಉಳಿದ ಇಬ್ಬರು ನೋಡಿ ಕಲಿತೆವೆಂದುಕೊಳ್ಳುತ್ತಾರೆ. ಈಜುವುದನ್ನು ದಡದಲ್ಲಿ ನಿಂತು ಕಲಿತವರುಂಟೇ? ಹತ್ತು ಹತ್ತು ನಿಮಿಷ ಸರದಿ ಮಾಡಿಕೊಳ್ಳಿ. ನಿಮ್ಮ ಸರದಿಯನ್ನು ಕೇಳಿ ಪಡೆಯಿರಿ.

ಪರೀಕ್ಷೆಯ ದಿನ, ಸಮಯದ ಎಣಿಕೆ ಶುರುವಾಗುವ ಮೊದಲೇ ಬಾಣವನ್ನು ಪರದೆಯ ನಾಲ್ಕು ಮೂಲೆಗೂ ಒಯ್ದು ನೋಡಿ. ಅದು ತಡವರಿಸಿದರೆ ಸಂಕೋಚಪಡದೆ ಕೈಯೆತ್ತಿ ಕೊಠಡಿಯ ಮೇಲ್ವಿಚಾರಕರಿಗೆ ಹೇಳಿ. ಕೆಟ್ಟಿರುವುದು ನಿಮ್ಮ ಕೈಯೋ ಮೌಸೋ ಎಂದು ಈಗ ನಿಮಗೆ ತಿಳಿಯುತ್ತದೆ. ಅಷ್ಟು ತಿಳಿದಿದ್ದರೆ, ಉಳಿದ ಮೂರು ಗಂಟೆಯೂ ಗಣಿತಕ್ಕೇ ಸಿಗುತ್ತದೆ.