ದನದ ಹಲ್ಲು ಹೇಳಿದ ಲೆಕ್ಕ



ಆದಿಮಾನವನ ಪಾಠದಲ್ಲಿ ಲಕ್ಷಗಟ್ಟಲೆ ವರ್ಷಗಳ ಲೆಕ್ಕ ಬರುತ್ತದೆ. ಆಗ ಕ್ಯಾಲೆಂಡರ್ ಇರಲಿಲ್ಲ, ಬರೆದಿಡುವವರೂ ಇರಲಿಲ್ಲ. ಮತ್ತೆ ಯಾರು ಎಣಿಸಿದರು? ಸರ್ ಹೇಳಿದ್ದು, ನಾನು ಓದಿದ್ದು ಎರಡೂ ಸೇರಿಸಿ ಬರೆದಿದ್ದೇನೆ.

ದೇವದುರ್ಗದಿಂದ ತಿಂಥಣಿ ಬ್ರಿಜ್ ಮೇಲೆ ಕೃಷ್ಣೆ ದಾಟಿದರೆ ಸುರಪುರ, ಅದರಾಚೆ ಹುಣಸಗಿ. ಅಲ್ಲಿ ಹತ್ತಿರ ಇಸಾಂಪುರ ಅನ್ನೋ ಊರಿದೆ. ನೀರಾವರಿ ಕೆಲಸಕ್ಕೆ ಮೇಲಿನ ಮಣ್ಣು ತೆಗೆದ ಜಾಗದಲ್ಲಿ, 1983ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರಿಗೆ ಕಲ್ಲಿನ ಆಯುಧಗಳು ಕಂಡವು. 1997ರಿಂದ 2001ರ ತನಕ ಅಲ್ಲಿ ಅಗೆದರು. ಕೈಗೊಡಲಿ, ಚಾಕು, ಚಕ್ಕೆ, ಕಲ್ಲಿನ ಸುತ್ತಿಗೆ ಎಲ್ಲ ಒಂದೇ ಕಡೆ! ಸುಣ್ಣಕಲ್ಲನ್ನು ಅಲ್ಲೇ ಎಬ್ಬಿಸಿ ಅಲ್ಲೇ ಒಡೆದಿದ್ದಾರೆ. ಅಂದ್ರೆ ಅದು ಅವರ ಕಾರ್ಖಾನೆ.

ಆದರೆ ಕಲ್ಲಿನ ವಯಸ್ಸು ಕೇಳಿ ಉಪಯೋಗವಿಲ್ಲ. ಕಲ್ಲು ಮನುಷ್ಯನಿಗಿಂತ ಎಷ್ಟೋ ಹಳೆಯದು. ಅದನ್ನು ಒಡೆದದ್ದು ಯಾವಾಗ ಅನ್ನೋದು ಬೇಕು. ಇಂಗಾಲದ ಪರೀಕ್ಷೆಯೂ ನಡೆಯುವುದಿಲ್ಲ. ಇಂಗಾಲ-14 ಸುಮಾರು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಹೋಗಿ, 50 ಸಾವಿರ ವರ್ಷದಲ್ಲಿ ಅಳೆಯಲು ಏನೂ ಉಳಿಯದಷ್ಟು ಕಡಿಮೆಯಾಗುತ್ತದೆ.

ಅದೃಷ್ಟಕ್ಕೆ ಆಯುಧಗಳ ಜೊತೆ ಕಾಡುದನದ ಹಲ್ಲು ಸಿಕ್ಕವು. ಮಾನ್ವಿಯ ನಮ್ಮ ಮಾಮ ಸಂತೆಯಲ್ಲಿ ಎತ್ತಿನ ಬಾಯಿ ತೆರೆದು, "ಇದು ನಾಕ್ ಹಲ್ಲಿಂದು, ಇದು ಬಾಯಿಗೂಡೇತಿ" ಅಂತ ವಯಸ್ಸು ಹೇಳುತ್ತಾನೆ. ವಿಜ್ಞಾನಿಗಳು ನೋಡಿದ್ದು ಹಾಗಲ್ಲ. ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಅತಿ ಸ್ವಲ್ಪ ಇರುತ್ತವೆ. ಅವುಗಳ ವಿಕಿರಣ ಹೂತ ಹಲ್ಲಿಗೆ ಬಡಿದಾಗ, ಹಲ್ಲಿನ ಮೇಲಿನ ಗಟ್ಟಿ ಬಿಳಿ ಪದರದಲ್ಲಿ ಕೆಲವು ಎಲೆಕ್ಟ್ರಾನುಗಳು ಜಾಗ ತಪ್ಪಿ ಸಿಕ್ಕಿಹಾಕಿಕೊಳ್ಳುತ್ತವೆ. ವರ್ಷ ಕಳೆದಂತೆ ಅವು ಹೆಚ್ಚುತ್ತವೆ. ಸೋರುವ ನಳದ ಕೆಳಗೆ ಕೊಡ ಇಟ್ಟಂಗೆ: ಕೊಡದಲ್ಲಿ ನೀರು ಎಷ್ಟಿದೆ, ತಾಸಿಗೆ ಎಷ್ಟು ಸೋರುತ್ತದೆ ಅಂತ ತಿಳಿದರೆ, ಕೊಡ ಇಟ್ಟು ಎಷ್ಟು ಹೊತ್ತಾಯಿತು ಅಂತ ಭಾಗಾಕಾರ ಮಾಡಬಹುದು. ಈ ವಿಧಾನದ ಹೆಸರು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್. (ಹೆಸರು ಬಾಯಿಪಾಠ ಮಾಡಲು ನನಗೆ ಎರಡು ದಿನ ಹಿಡಿಯಿತು.) 2002ರಲ್ಲಿ ಪ್ರಕಟವಾದ ಉತ್ತರ: ಸುಮಾರು 12 ಲಕ್ಷ ವರ್ಷ!

ಇದರಲ್ಲಿ ಒಂದು ಮುಖ್ಯ ಮಾತಿದೆ. ಹಲ್ಲೊಂದನ್ನೇ ಅಳೆದರೆ ಸಾಲದು, ಸುತ್ತಲಿನ ಮಣ್ಣನ್ನೂ ಅಳೆಯಬೇಕು. ಇಲ್ಲದಿದ್ದರೆ ವರ್ಷಕ್ಕೆ ಎಷ್ಟು "ಸೋರಿತು" ಅಂತ ಗೊತ್ತಾಗೋದು ಹೆಂಗೆ? ನಮ್ಮ ಕ್ಲಾಸಿನಲ್ಲಿ ಹೊಲದ ಚೂಪು ಕಲ್ಲು, ಹಳೇ ಎಲುಬು ಕಿಸೆಯಲ್ಲಿ ಹಾಕಿಕೊಂಡು ಬರುವವರು ಇದ್ದಾರೆ. ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಅನ್ನೋದು ಹೊಲದಲ್ಲೇ ಉಳಿದುಬಿಡುತ್ತದೆ. ಕಿಸೆಗೆ ಬಂದದ್ದು ಬರೀ ಕಲ್ಲು.

ಯುರೋಪಿನಲ್ಲೂ ಇದೇ ಕಥೆ. ಜರ್ಮನಿಯ ಮಾವರ್ ಎಂಬ ಊರಲ್ಲಿ 1907ರಲ್ಲಿ ಮರಳು ತೆಗೆಯುವ ಕೂಲಿಯವನಿಗೆ ಆದಿಮಾನವನ ದವಡೆ ಸಿಕ್ಕಿತು. ಅದರ ವಯಸ್ಸು ಸುಮಾರು 6 ಲಕ್ಷ ವರ್ಷ ಅಂತ ತಿಳಿದದ್ದು 2010ರಲ್ಲಿ. ಅದೂ ಅಲ್ಲಿಯ ಪ್ರಾಣಿಗಳ ಹಲ್ಲು ಮತ್ತು ಮರಳನ್ನು ಅಳೆದು!

ಇಸಾಂಪುರದಲ್ಲಿ ಮಾತ್ರ ಮನುಷ್ಯರ ಎಲುಬು ಸಿಕ್ಕಿಲ್ಲ. ನಮ್ಮ ದೇಶದಲ್ಲಿ ಆದಿಮಾನವನ ತಲೆಬುರುಡೆಯ ಭಾಗ ಸಿಕ್ಕಿದ್ದು ಮಧ್ಯಪ್ರದೇಶದ ಹತನೋರಾದಲ್ಲಿ, 1982ರಲ್ಲಿ. ಅರುಣ್ ಸೊನಾಕಿಯಾ ಎಂಬುವರು ನರ್ಮದಾ ನದಿಯ ದಂಡೆಯಲ್ಲಿ ಅದನ್ನು ಹುಡುಕಿದರು.